ಜಪಾನಿನಲ್ಲಿ ಒಂದು ಬೇಸಿಗೆ, ತೈಕೊ ಕಲಿಯಲು: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಡೋಲು ತೈಕೊವನ್ನು ಆ ನೆಲದಲ್ಲೇ ಕಲಿಯಬೇಕೆಂದು ಹೊರಡುವ ಕನ್ನಡಿಗರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ವೀಸಾ, ಊಟ, ಖರ್ಚಿನಂಥ ವಿಷಯಗಳು ಮುಂದೆ ಬರುತ್ತವೆ. ಅದಕ್ಕೂ ಮುಂಚೆ ಯಾವ ಊರಿಗೆ ಹೋಗಬೇಕು, ಅಲ್ಲಿ ಎಷ್ಟು ದಿನ ನಿಲ್ಲಬೇಕು ಎನ್ನುವುದನ್ನು ಓದಿ. ಇಡೀ ಬೇಸಿಗೆ ನಿಂತಿರುವುದು ಆ ಎರಡು ತೀರ್ಮಾನಗಳ ಮೇಲೆ.

ತೈಕೊದಲ್ಲಿ ಎಷ್ಟು ಬಗೆ? ನನ್ನ ಕೈಗೆ ಯಾವುದು ಸಿಗುತ್ತದೆ?

ಕಾರ್ಯಾಗಾರಗಳಲ್ಲಿ ಮುಖ್ಯವಾಗಿ ಮೂರು ಬಗೆ ನಿಮ್ಮ ಎದುರಿಗೆ ಬರುತ್ತವೆ. ಮೊದಲನೆಯದು ನಾಗಾದೊ-ದೈಕೊ. ಒಂದೇ ದಿಮ್ಮಿಯನ್ನು ಕೊರೆದು ಮಾಡಿದ ಒಡಲು, ಎರಡೂ ಬದಿಗೆ ದನದ ಚರ್ಮ, ಅಂಚಿನ ಸುತ್ತ ದುಂಡು ತಲೆಯ ಮೊಳೆ. ಒಳ್ಳೆಯ ನಾಗಾದೊ ಕೆಯಾಕಿ ಮರದ್ದಾಗಿರುತ್ತದೆ. ಚರ್ಮ ಎಳೆದು ಮೊಳೆ ಹೊಡೆದ ಮೇಲೆ ನಮ್ಮ ಮೃದಂಗದ ಹಾಗೆ ಶ್ರುತಿ ಹೊಂದಿಸುವುದಕ್ಕೆ ಬರುವುದಿಲ್ಲ, ಆದ್ದರಿಂದ ಆ ಎಳೆಯುವ ಕೆಲಸವೇ ತಯಾರಕರ ದೊಡ್ಡ ವಿದ್ಯೆ. ಎರಡನೆಯದು ಶಿಮೆ-ದೈಕೊ. ಚಿಕ್ಕದು, ಹಗ್ಗದಿಂದಲೋ ಬೋಲ್ಟಿನಿಂದಲೋ ಬಲವಾಗಿ ಬಿಗಿದದ್ದು, ದನಿ ಚುರುಕು. ತಂಡದ ಲಯವನ್ನು ಹಿಡಿದಿಡುವುದು ಇದರ ಕೆಲಸ. ಮೂರನೆಯದು ಒಕೆದೊ. ಪೀಪಾಯಿಯ ಹಾಗೆ ಪಟ್ಟಿಗಳನ್ನು ಜೋಡಿಸಿ ಕಟ್ಟಿದ್ದು, ಹಗುರ. ಹೆಗಲಿಗೆ ಹಾಕಿಕೊಂಡು ಹೆಜ್ಜೆ ಹಾಕುತ್ತಾ ಬಾರಿಸಬಹುದು, ಹಾಗಾಗಿ ಡೊಳ್ಳು ಕುಣಿತ ಗೊತ್ತಿರುವವರಿಗೆ ಬೇಗ ಒಗ್ಗುತ್ತದೆ.

ಆಳೆತ್ತರಕ್ಕೂ ಮಿಗಿಲಾದ ಓ-ದೈಕೊಗಳೂ ಇವೆ. ಅಕಿತಾ ಪ್ರಾಂತ್ಯದ ತ್ಸುಜುರೆಕೊ ಎಂಬ ಊರಿನಲ್ಲಿ 3.71 ಮೀಟರ್ ಅಡ್ಡಗಲದ ಡೋಲಿದೆ. ಅಲ್ಲಿನ ದೊಡ್ಡ ಡೋಲುಗಳ ಹಬ್ಬ ಜುಲೈ ನಡುವಿನಲ್ಲಿ ಬರುತ್ತದೆ. ಮಳೆಗಾಗಿ ಬೇಡಿಕೊಳ್ಳುವುದಕ್ಕೆ ಹುಟ್ಟಿಕೊಂಡ ಸಂಪ್ರದಾಯ ಅದು.

ಇದು ಸಾವಿರಾರು ವರ್ಷದ ಕಲೆಯೇ?

ಡೋಲು ಬಹಳ ಹಳೆಯದು. ದೇಗುಲಗಳಲ್ಲಿ, ನೋ ಮತ್ತು ಕಬುಕಿ ಎಂಬ ಹಳೆಯ ನಾಟಕಗಳ ರಂಗದಲ್ಲಿ, ಊರಹಬ್ಬಗಳಲ್ಲಿ ಶತಮಾನಗಳಿಂದ ಇದೆ. ಆದರೆ ನೀವು ವಿಡಿಯೊಗಳಲ್ಲಿ ನೋಡುವ, ಹತ್ತು ಹದಿನೈದು ಜನ ನಾನಾ ಗಾತ್ರದ ಡೋಲುಗಳನ್ನು ವೇದಿಕೆಯ ಮೇಲೆ ಒಟ್ಟಿಗೆ ಬಾರಿಸುವ ರೀತಿ ಎರಡನೇ ಮಹಾಯುದ್ಧದ ನಂತರದ್ದು. ನಾಗಾನೊ ಪ್ರಾಂತ್ಯದ ಒಕಾಯದಲ್ಲಿ ಓಗುಚಿ ದೈಹಾಚಿ ಎಂಬ ಜಾಜ್ ಡ್ರಮ್ಮರ್ 1951ರಲ್ಲಿ ಓಸುವಾ ದೈಕೊ ತಂಡ ಕಟ್ಟಿದರು. ದೇಗುಲದ ಡೋಲಿನ ಹಳೆಯ ಲಯವನ್ನು ಎತ್ತಿಕೊಂಡು, ಜಾಜ್ ಡ್ರಮ್ ಸೆಟ್ಟಿನಲ್ಲಿ ಒಬ್ಬನೇ ಮಾಡುವ ಕೆಲಸವನ್ನು ಹಲವು ಡೋಲುಗಳಿಗೆ, ಹಲವು ಕೈಗಳಿಗೆ ಹಂಚಿದರು. 1959ರಲ್ಲಿ ಟೋಕಿಯೊದ ಸುಕೆರೊಕು ತಂಡ ಬಂತು. 1964ರ ಟೋಕಿಯೊ ಒಲಿಂಪಿಕ್ಸ್ ವೇಳೆಗೆ ಈ ಹೊಸ ಪದ್ಧತಿ ದೇಶಕ್ಕೆಲ್ಲ ಪರಿಚಯವಾಯಿತು.

1969ರಲ್ಲಿ ದೆನ್ ತಾಗಾಯಾಸು ಎಂಬವರು ಸಾದೊ ದ್ವೀಪದಲ್ಲಿ ಯುವಕ ಯುವತಿಯರನ್ನು ಸೇರಿಸಿ ಒಂದೆಕೊಜಾ ತಂಡ ಆರಂಭಿಸಿದರು. ಡೋಲಿನಷ್ಟೇ ಓಟಕ್ಕೂ ಅಲ್ಲಿ ಪ್ರಾಧಾನ್ಯ. 1975ರಲ್ಲಿ ತಂಡದವರು ಬಾಸ್ಟನ್ ಮ್ಯಾರಥಾನ್ ಓಡಿ, ಓಟ ಮುಗಿಸಿದ ಬೆನ್ನಿಗೇ ಡೋಲು ಬಾರಿಸಿದ್ದು ಪ್ರಸಿದ್ಧ. ದೆನ್ ದ್ವೀಪ ಬಿಟ್ಟು ಹೋದ ಮೇಲೆ ಅಲ್ಲೇ ಉಳಿದವರು ಕೊದೊ ಎಂಬ ಹೆಸರಿನಲ್ಲಿ ಮುಂದುವರಿದು 1981ರಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕೊಟ್ಟರು.

ಈ ಇತಿಹಾಸ ತಿಳಿದಿದ್ದರೆ ಕಾರ್ಯಾಗಾರ ಆರಿಸುವಾಗ ಕೇಳಬೇಕಾದ ಪ್ರಶ್ನೆ ತಾನಾಗಿ ಹೊಳೆಯುತ್ತದೆ: ಇವರು ಕಲಿಸುವುದು ಒಂದು ಊರಿನ ಹಬ್ಬದ ಡೋಲೋ, ವೇದಿಕೆಗಾಗಿ ಕಟ್ಟಿದ ಡೋಲೋ? ಎರಡೂ ಒಳ್ಳೆಯವೇ. ಆದರೆ ಕಲಿಯುವ ರೀತಿ, ಗುರುವಿನ ನಿರೀಕ್ಷೆ, ಕಲಿತದ್ದನ್ನು ಬಳಸುವ ಹಕ್ಕು ಮೂರೂ ಬೇರೆ ಬೇರೆ.

ಬೇಸಿಗೆ ಎಂದರೆ ಯಾವ ತಿಂಗಳು? ನಮ್ಮ ಏಪ್ರಿಲ್-ಮೇ ರಜೆಯಲ್ಲಿ ಹೋಗಬಹುದೇ?

ಅವರ ಬೇಸಿಗೆ ನಮ್ಮ ಆಷಾಢ, ಶ್ರಾವಣ. ಜೂನ್ ಆರಂಭದಿಂದ ಜುಲೈ ನಡುವಿನವರೆಗೆ ಅಲ್ಲಿ ಮಳೆಗಾಲ, ಆಮೇಲೆ ಆಗಸ್ಟ್ ಕೊನೆಯವರೆಗೂ ಬೆವರಿಳಿಸುವ ಸೆಕೆ. ಟೋಕಿಯೊದಲ್ಲಿ 35 ಡಿಗ್ರಿ ದಾಟುವ ದಿನಗಳು ಸಾಮಾನ್ಯ. ಮಂಗಳೂರು, ಉಡುಪಿ ಕಡೆಯವರಿಗೆ ಈ ಸೆಕೆ ಗೊತ್ತು, ಬೆಂಗಳೂರಿನವರಿಗೆ ಕಷ್ಟವಾಗುತ್ತದೆ. ಆದರೂ ಡೋಲಿನ ಹಬ್ಬಗಳು ಸಾಲುಗಟ್ಟಿ ಬರುವುದು ಆಗಲೇ. ಜುಲೈನಲ್ಲಿ ಕಿತಾಕ್ಯೂಷುವಿನ ಕೊಕುರಾ ಗಿಯೊನ್, ಆಗಸ್ಟ್ 1ರಿಂದ 4ರವರೆಗೆ ಮೊರಿಯೊಕದ ಸಾನ್ಸಾ, 2ರಿಂದ 7ರವರೆಗೆ ಅವೊಮೊರಿಯ ನೆಬುತ. ಆಗಸ್ಟ್ ನಡುವಿನಲ್ಲಿ ಪಿತೃಗಳನ್ನು ನೆನೆಯುವ ಓಬೊನ್ ಬಂದಾಗ ಊರೂರಿನ ಬಯಲಲ್ಲಿ ಅಟ್ಟಣಿಗೆ ಕಟ್ಟಿ, ಮೇಲೊಂದು ಡೋಲು ಇಟ್ಟು, ಸುತ್ತಲೂ ಜನ ಕುಣಿಯುತ್ತಾರೆ.

ಏಪ್ರಿಲ್-ಮೇ ಬಿಟ್ಟರೆ ರಜೆಯೇ ಇಲ್ಲ ಎನ್ನುವ ಶಿಕ್ಷಕರು, ವಿದ್ಯಾರ್ಥಿಗಳು ನಿರಾಶರಾಗಬೇಡಿ. ಟೋಕಿಯೊದ ಡೋಲು ಶಾಲೆಗಳು ವರ್ಷವಿಡೀ ತೆರೆದಿರುತ್ತವೆ. ಸಾದೊ ದ್ವೀಪದ ಹಳ್ಳಿಗಳಲ್ಲಿ ಭೂತದ ಮುಖವಾಡ ತೊಟ್ಟು ಡೋಲಿನೊಂದಿಗೆ ಮನೆಮನೆಗೆ ಹೋಗುವ ಒನಿ-ದೈಕೊ ಹಬ್ಬಗಳು ಏಪ್ರಿಲ್ ನಡುವಿನಲ್ಲೇ ಹೆಚ್ಚು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಮಾತ್ರ ಅವರಿಗೆ ಸಾಲು ರಜೆ, ರೈಲು ವಸತಿ ಎರಡಕ್ಕೂ ನೂಕುನುಗ್ಗಲು. ಆ ದಿನಗಳನ್ನು ತಪ್ಪಿಸಿ.

ಯಾವ ಊರಿಗೆ ಹೋಗಲಿ?

ಮೊದಲ ಸಲ ಹೋಗುವವರಿಗೆ ನನ್ನ ಉತ್ತರ ಸಾದೊ. ನಿಗಾತ ಪ್ರಾಂತ್ಯಕ್ಕೆ ಸೇರಿದ, ಜಪಾನ್ ಸಮುದ್ರದ ದೊಡ್ಡ ದ್ವೀಪ. ಹಿಂದೆ ಗಡಿಪಾರಾದವರನ್ನು ಕಳಿಸುತ್ತಿದ್ದ ಜಾಗ, ಚಿನ್ನದ ಗಣಿಯ ಜಾಗ. ಆ ಗಣಿಗಳು 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದ್ವೀಪದ ದಕ್ಷಿಣ ತುದಿಯ ಒಗಿ ಬಳಿ ಕೊದೊ ತಂಡದ ನೆಲೆ ಇದೆ, ಬಂದವರಿಗೆ ಡೋಲು ಬಾರಿಸಲು ಕಲಿಸುವ ತಾತಾಕೊಕಾನ್ ಎಂಬ ಕೇಂದ್ರವಿದೆ. ಕಡಲಿಗೆ ಮುಖ ಮಾಡಿದ ಗುಡ್ಡದ ಮೇಲೆ ಕುಳಿತ ಕಟ್ಟಡ ಅದು. 1988ರಿಂದ ಪ್ರತಿ ಆಗಸ್ಟಿನಲ್ಲಿ ಒಗಿಯಲ್ಲಿ ಅರ್ತ್ ಸೆಲೆಬ್ರೇಷನ್ ಎಂಬ ಉತ್ಸವ ನಡೆಯುತ್ತದೆ. ರಾತ್ರಿ ಕಛೇರಿಗಳ ಜೊತೆಗೆ ಹಗಲು ಕಾರ್ಯಾಗಾರಗಳಿರುತ್ತವೆ. ಆ ದಿನಗಳಿಗೆ ವಸತಿ ತಿಂಗಳುಗಟ್ಟಲೆ ಮುಂಚೆಯೇ ತುಂಬಿಹೋಗುವುದರಿಂದ ದಿನಾಂಕ ಪ್ರಕಟವಾದ ಕೂಡಲೇ ಕಾಯ್ದಿರಿಸಿ.

ಟೋಕಿಯೊ ಎರಡನೆಯದು. ಅಸಾಕುಸದಲ್ಲಿ 1861ರಿಂದ ಡೋಲು ಮಾಡುತ್ತಿರುವ ಮಿಯಾಮೊಟೊ ಉನೊಸುಕೆ ಅಂಗಡಿಯೂ ಅವರದೇ ಡೋಲುಗಳ ಸಂಗ್ರಹಾಲಯವೂ ಇವೆ. ಲೋಕದ ನಾನಾ ಮೂಲೆಯ ಡೋಲುಗಳು ಅಲ್ಲಿವೆ, ಅವುಗಳಲ್ಲಿ ಹಲವನ್ನು ಬಾರಿಸಿಯೂ ನೋಡಬಹುದು. ಸಂಜೆ ಕಚೇರಿ ಮುಗಿಸಿ ಬರುವವರಿಗಾಗಿ ನಡೆಯುವ ತರಗತಿಗಳು ನಗರದಲ್ಲಿ ಬೇಕಾದಷ್ಟಿವೆ. ಇಂಗ್ಲಿಷಿನಲ್ಲಿ ಕಲಿಸುವ ಕಡೆಗಳೂ ಇವೆ. ಮೂಲಪಾಠಕ್ಕೆ ಟೋಕಿಯೊ ಅನುಕೂಲ.

ಸ್ವಲ್ಪ ಬಾರಿಸಲು ಬಂದವರು ಟೋಕಿಯೊದ ದಕ್ಷಿಣದ ಜ್ವಾಲಾಮುಖಿ ದ್ವೀಪಗಳನ್ನು ನೆನಪಿಟ್ಟುಕೊಳ್ಳಿ. ಮಿಯಾಕೆ ದ್ವೀಪದ ಕಾಮಿತ್ಸುಕಿಯಲ್ಲಿ ಜುಲೈ ತಿಂಗಳ ಹಬ್ಬಕ್ಕೆ ದೇವರ ಪಲ್ಲಕ್ಕಿಯ ಜೊತೆ ದಿನವಿಡೀ ಬಾರಿಸುವ ಡೋಲು ಇದೆ. ಡೋಲು ನೆಲಕ್ಕೆ ಹತ್ತಿರ ಅಡ್ಡ ಮಲಗಿರುತ್ತದೆ, ಬಾರಿಸುವವರು ಕಾಲು ಅಗಲಿಸಿ ಸೊಂಟ ನೆಲಕ್ಕೆ ತಾಗುವಷ್ಟು ಇಳಿದು ಮೈಯನ್ನೇ ಬೀಸುತ್ತಾರೆ. 2000ದಲ್ಲಿ ಜ್ವಾಲಾಮುಖಿ ಸಿಡಿದು ದ್ವೀಪದ ಜನರೆಲ್ಲ ಊರು ಬಿಡಬೇಕಾಯಿತು, 2005ರಲ್ಲಿ ಮರಳಲು ಅನುಮತಿ ಸಿಕ್ಕಿತು. ಊರು ಖಾಲಿಯಿದ್ದ ಆ ವರ್ಷಗಳಲ್ಲೂ ಡೋಲು ನಿಲ್ಲಲಿಲ್ಲ, ಹೊರಗೆ ಕಲಿಸುತ್ತಲೇ ಬಂದರು. ಈ ನಿಲುವನ್ನು ಕಲಿಯುವಾಗ ತೊಡೆ ಉರಿದರೆ ಆ ಜನರನ್ನು ನೆನೆಸಿಕೊಳ್ಳಿ. ಇನ್ನೂ ದಕ್ಷಿಣದ ಹಾಚಿಜೋದಲ್ಲಿ ಒಂದೇ ಡೋಲಿನ ಎರಡು ಬದಿಗೆ ಇಬ್ಬರು ನಿಲ್ಲುತ್ತಾರೆ. ಒಬ್ಬರು ಒಂದೇ ನಡೆಯನ್ನು ಬಿಡದೆ ಹಿಡಿದರೆ ಇನ್ನೊಬ್ಬರು ಅದರ ಮೇಲೆ ಮನಸ್ಸಿಗೆ ಬಂದಂತೆ ಬೆಳೆಸುತ್ತಾರೆ. ತನಿ ಆವರ್ತನ ಕೇಳಿ ಬೆಳೆದವರಿಗೆ ಇದು ತುಂಬಾ ಹಿಡಿಸುತ್ತದೆ. ಟೋಕಿಯೊದ ಹಾನೆದಾದಿಂದ ವಿಮಾನದಲ್ಲಿ ಒಂದು ಗಂಟೆಯೊಳಗೆ ತಲುಪಬಹುದು, ರಾತ್ರಿ ಹೊರಡುವ ಹಡಗೂ ಇದೆ.

ಸೈತಾಮ ಪ್ರಾಂತ್ಯದ ಚಿಚಿಬುವಿನ ಯಾತಾಯಿ-ಬಾಯಾಶಿ ಎಂಬ ತೇರಿನ ವಾದನವನ್ನು ವೇದಿಕೆಯ ತಂಡಗಳು ಲೋಕಕ್ಕೆಲ್ಲ ಪರಿಚಯಿಸಿವೆ. ಅದರ ದೊಡ್ಡ ಹಬ್ಬ ಡಿಸೆಂಬರ್ 2 ಮತ್ತು 3ಕ್ಕೆ. ಬೇಸಿಗೆಯಲ್ಲಿ ಹೋದವರು ಜುಲೈ 19, 20ರ ಕಾವಾಸೆ ಹಬ್ಬ ನೋಡಬಹುದು. ಅಲ್ಲಿ ತೇರಿನ ಒಳಗಿನ ಇಕ್ಕಟ್ಟಿನಲ್ಲಿ, ಹೊರಗಿನವರ ಕಣ್ಣಿಗೆ ಬೀಳದಂತೆ ಕುಳಿತು ಬಾರಿಸುತ್ತಾರೆ. ವೇದಿಕೆಯ ಮೇಲೆ ಕುಳಿತು ಹಿಂದಕ್ಕೆ ಬಾಗಿ ಬಾರಿಸುವ ಆ ಪ್ರಸಿದ್ಧ ಭಂಗಿಯ ಮೂಲ ಅದು.

ಒಂದೇ ಬೇಸಿಗೆಯಲ್ಲಿ ಎಷ್ಟು ಕಾರ್ಯಾಗಾರಗಳಿಗೆ ಸೇರಬಹುದು?

ಸೇರುವುದಕ್ಕೆ ಎಷ್ಟಕ್ಕೆ ಬೇಕಾದರೂ ಸೇರಬಹುದು. ಎರಡಕ್ಕಿಂತ ಹೆಚ್ಚು ಊರಿಗೆ ಹೋಗಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಾರಕ್ಕೊಂದು ಊರು ಹಾರುತ್ತಾ ಹೋದರೆ ಪ್ರತಿ ಕಡೆಯೂ ಮೊದಲ ಪಾಠವೇ ಸಿಗುತ್ತದೆ: ಕೋಲು ಹಿಡಿಯುವುದು, ನಿಲ್ಲುವುದು, ಒಂದು ಸಣ್ಣ ತುಂಡು, ಕೊನೆಗೊಂದು ಫೋಟೊ. ಎರಡನೇ ವಾರ ಅದೇ ಬಾಗಿಲಿಗೆ ಹೋದಾಗಲೇ ಗುರುಗಳು ನಿಮ್ಮ ಮೊಣಕೈಯನ್ನು ನೋಡತೊಡಗುವುದು. ಮೂರನೇ ವಾರಕ್ಕೆ ಡೋಲು ಹೊರುವಾಗ ನಿಮ್ಮನ್ನೂ ಕೂಗುತ್ತಾರೆ. ಹಬ್ಬದ ಹಿಂದಿನ ರಾತ್ರಿ ಊರಿನವರು ಅಭ್ಯಾಸ ಮಾಡುವಾಗ ಮೂಲೆಯಲ್ಲಿ ಕೂರಲು ಬಿಟ್ಟರೆ ಹಣ ಕೊಟ್ಟು ಸಿಗದ ಪಾಠ ಅದು. ಒಂದು ಊರಿನ ಒಂದು ಲಯವನ್ನು ಆ ಊರಿನ ಮಕ್ಕಳು, ಮುದುಕರು ಹೇಗೆ ಬಾರಿಸುತ್ತಾರೆ ಎಂದು ನೋಡಿಕೊಂಡು ಕಲಿತು ಬಂದರೆ ಆ ಬೇಸಿಗೆ ಸಾರ್ಥಕ.

ಟೋಕಿಯೊದಲ್ಲಿ ಎರಡು ಮೂರು ವಾರ ಮೂಲಪಾಠ, ಮಿಕ್ಕ ದಿನಗಳೆಲ್ಲ ಸಾದೊದಲ್ಲೋ ಹಾಚಿಜೋದಲ್ಲೋ. ಈ ಹಂಚಿಕೆ ಹೆಚ್ಚಿನವರಿಗೆ ಹೊಂದುತ್ತದೆ.

ಸಾದೊ ತಲುಪುವುದು ಹೇಗೆ?

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ. ಟೋಕಿಯೊದಿಂದ ನಿಗಾತಕ್ಕೆ ಶಿಂಕಾನ್ಸೆನ್ ರೈಲಿನಲ್ಲಿ ಸುಮಾರು ಎರಡು ಗಂಟೆ. ನಿಗಾತ ಬಂದರಿನಿಂದ ಸಾದೊದ ರ್ಯೋತ್ಸುಗೆ ದೊಡ್ಡ ಹಡಗಿನಲ್ಲಿ ಎರಡೂವರೆ ಗಂಟೆ, ಜೆಟ್‌ಫಾಯಿಲ್ ದೋಣಿಯಲ್ಲಿ ಒಂದು ಗಂಟೆ ಚಿಲ್ಲರೆ. ಅಲ್ಲಿಂದ ಒಗಿಗೆ ಬಸ್ಸಿನಲ್ಲಿ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ನಾವೊಯೆತ್ಸು ಬಂದರಿನಿಂದ ನೇರ ಒಗಿಗೆ ಬರುವ ಹಡಗು ವರ್ಷದ ಕೆಲವು ತಿಂಗಳು ಮಾತ್ರ.

ಅಲೆ ಎದ್ದರೆ ಮೊದಲು ನಿಲ್ಲುವುದು ಜೆಟ್‌ಫಾಯಿಲ್. ಆಗಸ್ಟ್, ಸೆಪ್ಟೆಂಬರ್ ಚಂಡಮಾರುತದ ಕಾಲ. ವಾಪಸ್ ವಿಮಾನದ ಮುನ್ನಾದಿನವೇ ದ್ವೀಪ ಬಿಡುವಂತೆ ಯೋಜಿಸಬೇಡಿ, ನಡುವೆ ಒಂದೆರಡು ದಿನ ಇಟ್ಟುಕೊಳ್ಳಿ. ದ್ವೀಪದಲ್ಲಿ ಬಸ್ಸು ವಿರಳ. ಇಲ್ಲಿನ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜಪಾನಿನಲ್ಲಿ ನಡೆಯುತ್ತದೆ, ಅವರೂ ನಮ್ಮ ಹಾಗೆ ಎಡಬದಿಗೇ ಓಡಿಸುವವರು.

ನನಗೆ ಯಾವ ವಾದ್ಯವೂ ಬರುವುದಿಲ್ಲ. ಸೇರಿಸಿಕೊಳ್ಳುತ್ತಾರೆಯೇ?

ಖಂಡಿತ. ಆರಂಭದ ಕಾರ್ಯಾಗಾರಗಳಿಗೆ ಏನೂ ಬರಬೇಕಿಲ್ಲ. ಪಾಠ ಶುರುವಾಗುವುದು ಬಾಯಿಂದ: "ದೊನ್" ಎಂದರೆ ನಡುವೆ ಒಂದು ಜೋರು ಪೆಟ್ಟು, "ದೊಕೊ" ಎಂದರೆ ಬೇಗ ಎರಡು, "ಕಾ" ಎಂದರೆ ಅಂಚಿನ ಮೇಲೆ, "ತ್ಸು" ಎಂದರೆ ಮೆಲ್ಲಗೆ. ಶಿಮೆ-ದೈಕೊಗೆ "ತೆನ್", "ತೆಕೆ". ಹೇಳಲು ಬಂದದ್ದು ಮಾತ್ರ ಕೈಗೆ ಬರುತ್ತದೆ ಎಂದು ಗುರುಗಳು ಮೊದಲು ಹೇಳಿಸುತ್ತಾರೆ. ಕೊನ್ನಕೋಲು ಕೇಳಿದವರಿಗೆ, ಯಕ್ಷಗಾನದಲ್ಲಿ ಬಾಯಿತಾಳ ಹಾಕಿ ಕಲಿತವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಮೃದಂಗ, ತಬಲಾ, ಚಂಡೆ ಬಲ್ಲವರಿಗೆ ಲಯ ಸುಲಭ, ಮೈ ಕಷ್ಟ. ಬೆರಳು, ಮಣಿಕಟ್ಟಿನಲ್ಲಿ ಮುಗಿಸಿ ಅಭ್ಯಾಸವಾದ ಕೈಗೆ ಇಲ್ಲಿ ಪೆಟ್ಟು ಪಾದದಿಂದ ಹೊರಡಬೇಕು: ಪಾದ ನೆಲವನ್ನು ಒತ್ತಬೇಕು, ಸೊಂಟ ತಿರುಗಬೇಕು, ಭುಜ ಸಡಿಲವಾಗಿ ಕೋಲು ತನ್ನ ಭಾರದಿಂದಲೇ ಬೀಳಬೇಕು. ಮೊದಲ ವಾರ ಗುರುಗಳು ಲಯದ ಬಗ್ಗೆ ಒಂದು ಮಾತೂ ಆಡದೆ ಕಾಲನ್ನೇ ತಿದ್ದುತ್ತಿದ್ದರೆ ಪಾಠ ಸರಿಯಾಗಿ ಸಾಗುತ್ತಿದೆ ಎಂದು ತಿಳಿಯಿರಿ.

ಹೊರಡುವ ಮೊದಲು ಮನೆಯಲ್ಲಿ ಏನು ಅಭ್ಯಾಸ ಮಾಡಲಿ?

ಹಳೆಯ ಟೈರು. ಲೋಕದ ಎಷ್ಟೋ ತೈಕೊ ತಂಡಗಳು ದಿನದ ಅಭ್ಯಾಸ ಮಾಡುವುದು ಟೈರಿನ ಮೇಲೆಯೇ. ಪಂಕ್ಚರ್ ಅಂಗಡಿಯಿಂದ ಒಂದು ಕಾರಿನ ಟೈರು ತನ್ನಿ, ನಡುವಿನ ತೂತು ಮುಚ್ಚುವಂತೆ ಅಗಲದ ಪ್ಯಾಕಿಂಗ್ ಟೇಪನ್ನು ನಕ್ಷತ್ರದಾಕಾರದಲ್ಲಿ ಬಿಗಿಯಾಗಿ ಸುತ್ತುತ್ತಾ ಹೋಗಿ, ಸೊಂಟದೆತ್ತರದ ಸ್ಟೂಲಿನ ಮೇಲೆ ಇಡಿ. ಕೋಲಿಗೆ ಬಚಿ ಎನ್ನುತ್ತಾರೆ. ಸುಮಾರು 40 ಸೆಂಟಿಮೀಟರ್ ಉದ್ದ, ಎರಡು ಎರಡೂವರೆ ಸೆಂಟಿಮೀಟರ್ ದಪ್ಪದ ಗಟ್ಟಿ ಮರದ ಕೋಲನ್ನು ಲೇತ್ ಇರುವ ಬಡಗಿಯವರು ಮಾಡಿಕೊಡುತ್ತಾರೆ.

ದಿನವೂ ಸ್ವಲ್ಪ ನಡಿಗೆ ಅಥವಾ ಓಟ, ಕಾಲು ಅಗಲಿಸಿ ಮಂಡಿ ಬಗ್ಗಿಸಿ ನಿಲ್ಲುವುದು. ಎಡಗೈಯಿಂದಲೇ ಶುರುಮಾಡಿ ಬಾರಿಸುವುದನ್ನು ರೂಢಿಸಿಕೊಳ್ಳಿ. ಬಲಗೈ ಬಲವೇ ಹೆಚ್ಚಿದ್ದರೆ ಕೇಳುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಜಪಾನಿ ಭಾಷೆ ಬರಲೇಬೇಕೇ?

ಟೋಕಿಯೊದಲ್ಲಿ ಇಂಗ್ಲಿಷಿನಿಂದ ನಡೆಯುತ್ತದೆ. ದ್ವೀಪಗಳಲ್ಲಿ ಎರಡಕ್ಷರ ಬಂದರೂ ಬಾಗಿಲು ತೆರೆಯುತ್ತದೆ. ಹಿರಾಗಾನ, ಕತಾಕಾನ ಎರಡೂ ಲಿಪಿಗಳನ್ನು ಓದುವಷ್ಟು ಕಲಿಯಿರಿ. ತರಗತಿಯ ಮಾತುಗಳು ಸ್ವಲ್ಪವೇ: ಮಿಗಿ ಬಲ, ಹಿದಾರಿ ಎಡ, ಮೋ ಇಚಿದೊ ಇನ್ನೊಮ್ಮೆ, ಯುಕ್ಕುರಿ ನಿಧಾನ. ಶುರುವಿಗೆ ಮುಂಚೆ "ಒನೆಗೈಶಿಮಾಸ್", ಮುಗಿದ ಮೇಲೆ "ಅರಿಗಾತೊ ಗೊಜೈಮಾಶಿತಾ". ಇವೆರಡನ್ನು ಎದೆತುಂಬಿ ಹೇಳಬೇಕು. ಬಾರಿಸುವಾಗ "ಹಾ", "ಸೊರೆ" ಎಂದು ಕೂಗು ಹಾಕುವುದೂ ಪಾಠದ ಭಾಗವೇ, ಸಂಕೋಚಪಡಬೇಡಿ.

ಡೋಲುಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು?

ನಮ್ಮಲ್ಲಿ ವಾದ್ಯಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಆ ಸಂಸ್ಕಾರ ಇದ್ದರೆ ಅರ್ಧ ಬಂದ ಹಾಗೆ. ಡೋಲನ್ನು ದಾಟಬಾರದು, ಅದಕ್ಕೆ ಒರಗಬಾರದು, ಅದರ ಮೇಲೆ ನೀರಿನ ಬಾಟಲಿ ಇಡಬಾರದು, ಕೇಳದೆ ತಟ್ಟಿ ನೋಡಬಾರದು. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಚಪ್ಪಲಿ ಹೊರಗೆ, ಒಳಗೆ ಬರಿಗಾಲು ಅಥವಾ ತಾಬಿ ಕಾಲುಚೀಲ. ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮುಂಚೆ ಹೋಗಿ ಡೋಲುಗಳನ್ನು ಜೋಡಿಸಲು ಕೈ ಹಾಕಿ. ಮುಗಿದ ಮೇಲೆ ನೆಲ ಒರೆಸುವುದಕ್ಕೂ ನಿಲ್ಲಿ. ಹಿರಿಯ ವಿದ್ಯಾರ್ಥಿಗಳೇ ಮೊದಲು ಬಟ್ಟೆ ಹಿಡಿದು ಬಗ್ಗುತ್ತಾರೆ. ವಿಡಿಯೊ ತೆಗೆಯಲು ಅನುಮತಿ ಕೇಳಿ, ತೆಗೆದದ್ದನ್ನು ಜಾಲಕ್ಕೆ ಹಾಕಲು ಬೇರೆಯಾಗಿ ಕೇಳಿ.

ವೀಸಾ ಯಾವುದು?

90 ದಿನದೊಳಗಿನ ಭೇಟಿಗೆ ಪ್ರವಾಸಿ ವೀಸಾ ಸಾಕು. ಭಾರತದಲ್ಲಿ ನೆಲೆಸಿರುವವರಿಗೆ 2024ರ ಏಪ್ರಿಲ್‌ನಿಂದ ಒಂದು ಪ್ರವೇಶದ ಇ-ವೀಸಾ ಸಿಗುತ್ತಿದೆ. ಅರ್ಜಿ ವಿಎಫ್‌ಎಸ್ ಕೇಂದ್ರದ ಮೂಲಕ. ವಿಮಾನ ನಿಲ್ದಾಣದಲ್ಲಿ ವೀಸಾ ಪುಟವನ್ನು ಇಂಟರ್ನೆಟ್ ಮೂಲಕ ಫೋನಿನಲ್ಲೇ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಜಪಾನಿನ ಕಾನ್ಸುಲೇಟ್ ಜನರಲ್ ಇದೆ, ನಿಯಮಗಳು ಬದಲಾಗುತ್ತಿರುವುದರಿಂದ ಅರ್ಜಿಗೆ ಮುಂಚೆ ಅವರ ಪುಟ ನೋಡಿ. ಪ್ರವಾಸಿ ವೀಸಾದಲ್ಲಿ ಸಂಭಾವನೆ ಪಡೆದು ಬಾರಿಸುವಂತಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಗುರುವಿನ ಬಳಿ ಕಲಿಯುವವರಿಗೆ ಸಾಂಸ್ಕೃತಿಕ ಚಟುವಟಿಕೆ ವೀಸಾ ಎಂಬುದು ಬೇರೆಯಿದೆ. ಅದಕ್ಕೆ ಜಪಾನಿನಿಂದಲೇ ಅರ್ಹತಾ ಪತ್ರ ಬರಬೇಕು, ತಿಂಗಳುಗಳ ಮುಂಚೆ ಶುರುಮಾಡಿ.

ಕೊದೊದ ತರಬೇತಿ ಕೇಂದ್ರಕ್ಕೆ ಒಂದು ಬೇಸಿಗೆಗೆ ಸೇರಬಹುದೇ ಎಂದೂ ಕೇಳುತ್ತಾರೆ. ಸಾಧ್ಯವಿಲ್ಲ. ಅದು ಎರಡು ವರ್ಷದ ಸಹವಾಸ. ಓಟ, ಗದ್ದೆ ಕೆಲಸ, ಅಡುಗೆ, ಹಾಡು, ಕುಣಿತ, ಡೋಲು ಎಲ್ಲ ಸೇರಿದ ಬದುಕು.

ಖರ್ಚು ಎಲ್ಲಿ ಉಳಿಸಬಹುದು?

ರೈಲಿನಲ್ಲಿ. ದೇಶವೆಲ್ಲ ಸುತ್ತುವ ಜೆಆರ್ ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ ಏರಿತು. 7 ದಿನದ್ದು 29,650 ಯೆನ್ ಇದ್ದದ್ದು 50,000 ಯೆನ್ ಆಯಿತು. ಎರಡು ಊರಿನಲ್ಲಿ ನಿಲ್ಲುವವರಿಗೆ ಅದರ ಅಗತ್ಯವೇ ಇಲ್ಲ. ನಗರದ ಓಡಾಟಕ್ಕೆ, ಮೊದಲೇ ಹಣ ತುಂಬಿಸಿ ರೈಲು ಬಸ್ಸಿಗೆ ಬಳಸುವ ಸುಯಿಕಾ ಕಾರ್ಡ್ ಸಾಕು. ಒಂದೆರಡು ಗಂಟೆಯ ತರಗತಿಗೆ ಸಾಮಾನ್ಯವಾಗಿ ಕೆಲವು ಸಾವಿರ ಯೆನ್. ವಿಮಾನದ ನಂತರ ದೊಡ್ಡ ಖರ್ಚು ವಸತಿಯದ್ದು. ಮಿನ್‌ಶುಕು ಎಂಬ ಮನೆವಸತಿಗಳಲ್ಲಿ ವಾರಗಟ್ಟಲೆ ಇರುವಿರಾದರೆ ಮೊದಲೇ ಮಾತಾಡಿ. ದ್ವೀಪಗಳಲ್ಲಿ ನಗದು ಇಟ್ಟುಕೊಂಡಿರಿ. ಪ್ರವಾಸ ವಿಮೆಯಲ್ಲಿ ಉಳಿಸಲು ಹೋಗಬೇಡಿ.

ನಾನು ಸಸ್ಯಾಹಾರಿ. ಊಟ?

ಕಷ್ಟವಿದೆ, ಆಗದ್ದಲ್ಲ. ತರಕಾರಿಯಂತೆ ಕಾಣುವ ಸಾರು, ಪಲ್ಯಗಳಲ್ಲೂ ಒಣಮೀನಿನಿಂದ ತೆಗೆದ ದಾಶಿ ಇರುತ್ತದೆ. "ಮಾಂಸ ತಿನ್ನುವುದಿಲ್ಲ" ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಮೀನು, ಮೀನಿನ ಸಾರು, ಮಾಂಸ, ಮೊಟ್ಟೆ ಇವುಗಳಲ್ಲಿ ನಿಮಗೆ ಆಗದ್ದನ್ನು ಜಪಾನಿಯಲ್ಲಿ ಬರೆಸಿದ ಚೀಟಿ ಇಟ್ಟುಕೊಳ್ಳಿ. ಸಾದೊದ ಅಕ್ಕಿ ಹೆಸರುವಾಸಿ. ಬಿಸಿ ಅನ್ನ, ತೋಫು, ಸೌತೆಕಾಯಿಯ ಜೊತೆ ನಿಮ್ಮ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇದ್ದರೆ ದಿನ ಸಲೀಸಾಗಿ ಸಾಗುತ್ತದೆ. ಅಡುಗೆಮನೆ ಬಳಸಲು ಬಿಡುವ ವಸತಿಯನ್ನೇ ಆರಿಸಿ. ತಾಜಾ ಹಣ್ಣು, ಕರಿಬೇವು, ಬೀಜ, ಮಾಂಸದ ಪದಾರ್ಥಗಳನ್ನು ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಮೈಗೆ ಏನೇನು ಆಗುತ್ತದೆ? ಔಷಧ ಒಯ್ಯಬಹುದೇ?

ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಎಲ್ಲರಿಗೂ ಬರುತ್ತದೆ. ಬಟ್ಟೆಯ ಟೇಪು ಇಟ್ಟುಕೊಳ್ಳಿ. ಕೋಲನ್ನು ಅಮುಕಿ ಹಿಡಿದಷ್ಟೂ ಬೊಬ್ಬೆ ಹೆಚ್ಚು. ಮಂಡಿನೋವು ಇರುವವರು ಮಿಯಾಕೆ ನಿಲುವಿಗೆ ಹೋಗುವ ಮುಂಚೆ ಗುರುಗಳಿಗೆ ಹೇಳಿ, ಎತ್ತರದ ಸ್ಟ್ಯಾಂಡ್ ಕೊಡುತ್ತಾರೆ. ಮುಚ್ಚಿದ ಕೋಣೆಯಲ್ಲಿ ಹತ್ತು ಡೋಲು ಒಟ್ಟಿಗೆ ಮೊಳಗುವಾಗ ಕಿವಿಗೆ ಪ್ಲಗ್ ಹಾಕಿಕೊಳ್ಳುವುದರಲ್ಲಿ ನಾಚಿಕೆ ಇಲ್ಲ. ಕಿವಿ ಒಮ್ಮೆ ಕೆಟ್ಟರೆ ಮರಳಿ ಬಾರದು. ಸೆಕೆಯಲ್ಲಿ ಉಪ್ಪು, ನೀರು ಎರಡೂ ಬೇಕು. ಅಲ್ಲಿನವರು ಹುರಿದ ಬಾರ್ಲಿಯ ತಣ್ಣನೆ ಕಷಾಯ ಮುಗಿಚಾ ಕುಡಿಯುತ್ತಾರೆ, ಅಭ್ಯಾಸ ಮಾಡಿಕೊಳ್ಳಿ.

ವೈದ್ಯರು ಬರೆದುಕೊಟ್ಟ ಔಷಧವನ್ನು ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು, ಹೆಚ್ಚಿಗೆ ಬೇಕಾದರೆ ಮೊದಲೇ ಅವರ ಅನುಮತಿ ಪತ್ರ ಪಡೆಯಬೇಕು. ಕೋಡೀನ್, ಸೂಡೊಎಫೆಡ್ರಿನ್ ಇರುವ ಕೆಮ್ಮು-ಶೀತದ ಔಷಧಗಳ ವಿಷಯದಲ್ಲಿ ಜಪಾನಿನ ಕಾನೂನು ಬಿಗಿ. ಚೀಟಿ ನೋಡದೆ ಚೀಲಕ್ಕೆ ಹಾಕಬೇಡಿ.

ಹೆಣ್ಣುಮಕ್ಕಳಿಗೆ ಕಲಿಸುತ್ತಾರೆಯೇ?

ಕಲಿಸುತ್ತಾರೆ. ನಗರದ ತರಗತಿಗಳಲ್ಲಿ ಹೆಂಗಸರೇ ಹೆಚ್ಚು ಕಾಣಬಹುದು. ಹಾಚಿಜೋದಲ್ಲಿ ಹೆಂಗಸರು ಬಾರಿಸುವುದು ಹಳೆಯ ರೂಢಿ. ಕೆಲವು ಊರಹಬ್ಬಗಳಲ್ಲಿ ಗಂಡಸರು ಮಾತ್ರ ಎಂಬ ಕಟ್ಟಳೆ ಉಳಿದಿದೆ. ಅಂಥ ಕಡೆಯೂ ಕಾರ್ಯಾಗಾರಕ್ಕೆ ಅಡ್ಡಿ ಬರುವುದು ಅಪರೂಪ. ಒಬ್ಬಳೇ ಓಡಾಡುವುದಕ್ಕೆ ಸಾದೊ ನೆಮ್ಮದಿಯ ಜಾಗ.

ಡೋಲಿನ ಚರ್ಮ ಯಾರು ಮಾಡುತ್ತಾರೆ? ಅಲ್ಲಿಯೂ ಜಾತಿ ಇದೆಯೇ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಲೇಬೇಕಾದ ಪ್ರಶ್ನೆ ಇದು. ಸತ್ತ ಪ್ರಾಣಿಯ ಚರ್ಮ ಸುಲಿದು ಹದ ಮಾಡುವ ಕೆಲಸವನ್ನು ಜಪಾನಿನಲ್ಲೂ ಮೈಲಿಗೆಯೆಂದು ಬಗೆದು, ಅದನ್ನು ಮಾಡುವವರನ್ನು ಊರಾಚೆ ಇರಿಸಿದ್ದರು. 1871ರಲ್ಲಿ ಸರ್ಕಾರ ಆ ಕೀಳು ದರ್ಜೆಯನ್ನು ಕಾನೂನಿನಲ್ಲಿ ತೆಗೆದುಹಾಕಿತು. ಮದುವೆಯಲ್ಲಿ, ನೌಕರಿಯಲ್ಲಿ ಭೇದ ಮುಂದುವರಿಯಿತು. ಬುರಾಕು ಎಂದು ಕರೆಯುವ ಈ ಸಮುದಾಯಗಳ ಕೈಯಿಂದಲೇ ದೇಗುಲಗಳ ಡೋಲುಗಳು ಬಂದವು, ಆದರೆ ಹಬ್ಬದ ದಿನ ಅವರಿಗೇ ಜಾಗವಿರಲಿಲ್ಲ. ಒಸಾಕದ ನಾನಿವಾ ತಲೆತಲಾಂತರದಿಂದ ಡೋಲು ತಯಾರಿಯ ಕೇರಿ. ಅಲ್ಲಿನ ಯುವಜನ 1987ರಲ್ಲಿ ಇಕಾರಿ ಎಂಬ ತೈಕೊ ತಂಡ ಕಟ್ಟಿದರು. ನಮ್ಮ ಅಜ್ಜಂದಿರು ಮಾಡಿದ ಡೋಲನ್ನು ನಾವೇ ಬಾರಿಸುತ್ತೇವೆ ಎಂದು ನಿಂತವರು ಅವರು. ಆಶಿಹಾರಾಬಾಶಿ ರೈಲು ನಿಲ್ದಾಣದ ಬಳಿಯ ರಸ್ತೆಯುದ್ದಕ್ಕೂ ಈಗ ಡೋಲಿನ ಶಿಲ್ಪಗಳಿವೆ. ಒಸಾಕಕ್ಕೆ ಹೋದವರು ಕೋಟೆ ನೋಡುವ ಮುಂಚೆ ಆ ರಸ್ತೆಯಲ್ಲಿ ನಡೆಯಿರಿ.

ಕರ್ನಾಟಕದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ತಮಟೆ, ಹಲಗೆಗಳನ್ನು ಮಾಡಿದವರನ್ನೂ ಬಾರಿಸಿದವರನ್ನೂ ನಾವು ಎಲ್ಲಿ ನಿಲ್ಲಿಸಿದ್ದೆವೆಂದು ನಮಗೆ ಗೊತ್ತು. ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಸಂಭ್ರಮಪಟ್ಟ ನಾವು, ಜಪಾನಿನ ಡೋಲಿಗೆ ತಲೆಬಾಗುವಾಗ ಅದರ ಚರ್ಮ ಹದ ಮಾಡಿದ ಕೈಗಳಿಗೂ ಬಾಗುತ್ತಿದ್ದೇವೆ ಎಂಬ ಅರಿವಿರಲಿ. ಜೊತೆಗೆ ಒಂದು ಎಚ್ಚರಿಕೆ: ಇದು ಅಲ್ಲಿ ಇನ್ನೂ ನೋವಿನ ವಿಷಯ. ಯಾರನ್ನೂ "ನೀವು ಆ ಸಮುದಾಯದವರೇ" ಎಂದು ಕೇಳಬೇಡಿ.

ಕಲಿತದ್ದನ್ನು ಊರಿಗೆ ಬಂದು ವೇದಿಕೆಯಲ್ಲಿ ಬಾರಿಸಬಹುದೇ?

ಕಾರ್ಯಾಗಾರ ಮುಗಿಯುವ ಮೊದಲೇ ಗುರುಗಳನ್ನು ಕೇಳಿ. ಊರಿನ ಹಬ್ಬದ ಲಯಗಳು ಆ ಊರಿನವು. ಕೆಲವರು ಸಂತೋಷದಿಂದ ಬಾರಿಸಿ ಎನ್ನುತ್ತಾರೆ, ಕೆಲವರು ಅಭ್ಯಾಸಕ್ಕೆ ಮಾತ್ರ ಎನ್ನುತ್ತಾರೆ, ಕೆಲವರು ಊರಿನ ಹೆಸರು ಹೇಳಿ ಬಾರಿಸಬೇಕು ಎನ್ನುತ್ತಾರೆ. ವೇದಿಕೆಗಾಗಿ ರಚಿಸಿದ ಕೃತಿಗಳಿಗೆ ರಚಿಸಿದವರ ಹಕ್ಕಿದೆ. ಒಪ್ಪಿಗೆ ಸಿಕ್ಕರೆ ಕಲಿಸಿದ ಊರಿನ ಹೆಸರನ್ನು ಪ್ರತಿ ಸಲವೂ ಹೇಳಿ.

ನಾನು ಅಮೆರಿಕದಲ್ಲಿದ್ದೇನೆ. ಜಪಾನಿಗೇ ಹೋಗಬೇಕೇ?

ಬೇ ಏರಿಯಾದ ಕನ್ನಡಿಗರ ಮನೆಬಾಗಿಲಲ್ಲೇ ತೈಕೊ ಇದೆ. ತನಾಕಾ ಸೆಯಿಚಿ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತೈಕೊ ದೋಜೊ ಆರಂಭಿಸಿದರು, 1973ರಲ್ಲಿ ಸ್ಯಾನ್ ಹೋಸೆ ತೈಕೊ ಹುಟ್ಟಿತು. ಅವೆರಡರ ನಡುವೆ 1969ರಲ್ಲಿ ಲಾಸ್ ಏಂಜಲೀಸ್‌ನ ಬೌದ್ಧ ಮಂದಿರವೊಂದರಲ್ಲಿ ಕಿನ್ನರ ತೈಕೊ ಶುರುವಾಯಿತು. ಜಪಾನಿನ ಡೋಲು ಕೊಳ್ಳಲು ಹಣವಿಲ್ಲದೆ ಅವರು ವೈನ್ ಪೀಪಾಯಿಗಳಿಗೆ ಚರ್ಮ ಬಿಗಿದು ಡೋಲು ಮಾಡಿಕೊಂಡರು. ಯುದ್ಧದ ಕಾಲದಲ್ಲಿ ಶಿಬಿರಗಳಲ್ಲಿ ಕೂಡಿಹಾಕಲ್ಪಟ್ಟ ಜಪಾನಿ ಅಮೆರಿಕನ್ನರ ಮಕ್ಕಳು ತಲೆಯೆತ್ತಿ ಬಾರಿಸಿದ ಡೋಲು ಅದು. ಅದಕ್ಕೆ ಅದರದೇ ಘನತೆಯಿದೆ. ಅಲ್ಲಿ ಒಂದೆರಡು ವರ್ಷ ಕಲಿತು ಆಮೇಲೆ ಜಪಾನಿಗೆ ಹೋದರೆ ಊರಿನವರ ಅಭ್ಯಾಸದಲ್ಲಿ ಏನು ನಡೆಯುತ್ತಿದೆ ಎಂದು ಹೆಚ್ಚು ತಿಳಿಯುತ್ತದೆ.

ಡೋಲು ಕೊಂಡು ತರಬಹುದೇ?

ನಾಗಾದೊ ಬೆಲೆ ರೂಪಾಯಿಯಲ್ಲಿ ಲಕ್ಷಗಳ ಲೆಕ್ಕ, ಸಾಗಣೆ ಮತ್ತು ಸುಂಕ ಬೇರೆ. ಮರವೂ ಚರ್ಮವೂ ಆ ಹವೆಗೆ ಹೊಂದಿದಂಥವು, ನಮ್ಮ ಬಯಲುಸೀಮೆಯ ಒಣಗಾಳಿಗೆ ಬಿರುಕು ಬಿಡಬಹುದು. ಬದಲಿಗೆ ಒಳ್ಳೆಯ ಬಚಿ ಕೊಳ್ಳಿ. ಅಭ್ಯಾಸಕ್ಕೆ ಓಕ್ ಜಾತಿಯ ಕಾಶಿ ಮರದ್ದು, ಮೆದುವಾದ ದನಿಗೆ ಹೋ ಮರದ್ದು. ಇಶಿಕಾವಾದ ಹಾಕುಸಾನ್‌ನಲ್ಲಿ 1609ರಿಂದ ಡೋಲು ಮಾಡುತ್ತಿರುವ ಅಸಾನೊ ತೈಕೊ, ಅಸಾಕುಸದ ಮಿಯಾಮೊಟೊ ಇಬ್ಬರಲ್ಲೂ ಬಗೆಬಗೆಯವು ಸಿಗುತ್ತವೆ. ಹಿಡಿದು, ಟೈರಿನ ಮೇಲೆ ಬಾರಿಸಿ ನೋಡಿದ ಅಳತೆಯನ್ನು ಬರೆದುಕೊಂಡು ಹೋಗಿ. ವಾಪಸ್ ಬರುವಾಗ ಬಚಿಗಳನ್ನು ಚೆಕ್-ಇನ್ ಸಾಮಾನಿನಲ್ಲೇ ಹಾಕಿ, ಕೈಚೀಲದಲ್ಲಿದ್ದರೆ ಭದ್ರತಾ ತಪಾಸಣೆಯಲ್ಲಿ ಬಿಡದಿರಬಹುದು.